ನಿಷ್ಠೆಯ ಪರೀಕ್ಷೆ

ಅಮಾತ್ಯರ ಶುದ್ಧಿಯನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳಿಂದ ಪರೀಕ್ಷಿಸಬೇಕೆಂದು ಕೌಟಿಲ್ಯನು ವಿಧಿಸಿರುವನು. ಪರೀಕ್ಷೆಯೇ ನಿರ್ಮಲವಾದ ಮನಸ್ಸನ್ನು ಕೆಡಿಸಬಹುದೆಂಬ ಎಚ್ಚರವೂ ಆತನಿಗಿದ್ದಿತು. ರಾಜ್ಯರಹಸ್ಯವನ್ನು ಕಂಡಕಂಡವರಿಗೆ ಒಪ್ಪಿಸಲಾಗದು, ನಿಜ. ಆದರೆ ಪರೀಕ್ಷಿಸತಕ್ಕದ್ದು ನಡತೆಯನ್ನೋ ಅಭಿಪ್ರಾಯವನ್ನೋ?

ಅಮೆರಿಕೆಯಲ್ಲಿ ಪರಮಾಣು ಬಾಂಬಿನ ನಿರ್ಮಾಣಕ್ಕೆ ಮುಂದಾಳಾಗಿದ್ದ ವಿಜ್ಞಾನಿ ಓಪನ್‌ಹೈಮರನನ್ನು 1954ರಲ್ಲಿ ಮೂವರ ಮಂಡಲಿಯು ವಿಚಾರಿಸಿತು. ಆತನು ದೇಶನಿಷ್ಠನೆಂದು ಮೂವರೂ ಒಪ್ಪಿದರು. ಆದರೂ ರಹಸ್ಯಕ್ಕೆ ಅರ್ಹನಲ್ಲವೆಂದು ಇಬ್ಬರು ನಿರ್ಣಯಿಸಿದರು. ಹಿಂದೊಮ್ಮೆ ಆತನು ಅಧಿಕಾರಿಗಳಿಗೆ ಸುಳ್ಳಾಡಿದ್ದುಂಟು. ಅದನ್ನು ಎಣಿಸಿದುದು ನ್ಯಾಯವೇ. ಹೈಡ್ರೊಜನ್ ಬಾಂಬಿಗೆ ಉತ್ಸಾಹ ತೋರದಿದ್ದುದನ್ನೂ ಎಣಿಸಿದರಲ್ಲ! ಕೇಳಿದಾಗ ಕೊಟ್ಟ ಪ್ರಾಮಾಣಿಕವಾದ ಸಲಹೆಯೇ ದೋಷವಾದರೆ, ಮುಂದಿನ ಸಲಹೆಗಾರನು ಕೇಳಿದವರ ಮುಖ ನೋಡಿ ಮಾತಾಡದೆ ಇರುವನೇ?

ಪರಮಾಣು ಶಕ್ತಿ ಆಯೋಗವು ಆತನ ಅನುಮತಿಯನ್ನು ಕಿತ್ತುಕೊಂಡಿತು. 2022ರಲ್ಲಿ ಸರಕಾರವು ಆ ತೀರ್ಪನ್ನು ರದ್ದುಗೊಳಿಸಿತು; ಓಪನ್‌ಹೈಮರನಾದರೋ 1967ರಲ್ಲಿಯೇ ತೀರಿಕೊಂಡಿದ್ದನು.