ಒಂದೂವರೆ ನಿಮಿಷದ ಸತ್ಯ

ನನ್ನ ತಂಗಿಯ ಮಗಳು ಪತ್ರಿಕೋದ್ಯಮದಲ್ಲಿ ಎಂ.ಎ. ಓದುತ್ತಿದ್ದಾಗ ಒಂದು ಶನಿವಾರ ನನ್ನನ್ನು ತನ್ನ ವಿಶ್ವವಿದ್ಯಾನಿಲಯಕ್ಕೆ ಕರೆದುಕೊಂಡು ಹೋದಳು. ಅವರ ವಿಭಾಗದ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಹತ್ತು ನಿಮಿಷದ ಟಿ.ವಿ. ವಾರ್ತೆಯನ್ನು ತಾವೇ ತಯಾರಿಸುತ್ತಿದ್ದರು. ಸುದ್ದಿ ಹುಡುಕುವವರು, ಕ್ಯಾಮೆರಾ ಹಿಡಿಯುವವರು, ಬರೆಯುವವರು, ಓದುವವರು ಎಲ್ಲ ಅವರೇ. ವಾರ್ತೆ ಓದುವವರು ಅಷ್ಟನ್ನೂ ಬಾಯಿಪಾಠ ಮಾಡಿಕೊಂಡು ಬರುತ್ತಾರೆಂದು ನಾನು ಚಿಕ್ಕಂದಿನಲ್ಲಿ ನಂಬಿದ್ದೆ. ಕ್ಯಾಮೆರಾದ ಮುಂದೆ ಓರೆಯಾಗಿ ನಿಲ್ಲಿಸಿದ ಒಂದು ಗಾಜು, ಅದರಲ್ಲಿ ಮೇಲಕ್ಕೆ ಸರಿಯುತ್ತಿರುವ ಅಕ್ಷರಗಳು. ಗುಟ್ಟು ಇಷ್ಟೇ ಎಂದು ಕಣ್ಣಾರೆ ಕಂಡಾಗ ನಗು ಬಂತು. ಇಂಥದ್ದೊಂದು ಗಾಜು ನನ್ನ ತರಗತಿಯಲ್ಲೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಕ್ಕದ ಪುಟ್ಟ ಕೋಣೆ. ಅದು ಸಂಕಲನದ ಕೋಣೆ. ಆ ವಾರ ನಮ್ಮ ಹುಡುಗಿ ಮಹಿಳಾ ಹಾಸ್ಟೆಲಿನ ನೀರಿನ ತೊಂದರೆಯ ಬಗ್ಗೆ ಒಂದು ವರದಿ ಮಾಡಿದ್ದಳು. ಅಲ್ಲಿಯ ಅಡುಗೆಯ ಹೆಂಗಸು ಆರು ನಿಮಿಷ ಮಾತನಾಡಿದ್ದಳು. ಇಡೀ ವರದಿಗೆ ಇದ್ದದ್ದು ಒಂದೂವರೆ ನಿಮಿಷ. ಮಾತನ್ನು ಕಡಿದು ಕೂಡಿಸಿದ ಜಾಗದಲ್ಲಿ ಮುಖ ತಟ್ಟನೆ ನೆಗೆದಂತೆ ಕಾಣುತ್ತದೆ. ಅದನ್ನು ಮರೆಸಲು ಸರಿಯಾಗಿ ಆ ಕ್ಷಣಕ್ಕೆ ಒಣಗಿದ ನಲ್ಲಿಯದೋ, ಬರಿದಾದ ಕೊಡದ್ದೋ ಚಿತ್ರ ತೋರಿಸುತ್ತಾರೆ. ದನಿ ಮುಂದುವರಿಯುತ್ತಿರುತ್ತದೆ. ಚಿತ್ರ ಮತ್ತೆ ಮುಖಕ್ಕೆ ಬರುವಷ್ಟರಲ್ಲಿ ಹೊಲಿಗೆ ಮುಗಿದಿರುತ್ತದೆ. ಜರಿಯಂಚಿನ ಕೆಳಗೆ ತೇಪೆ ಅಡಗಿಸುವ ದರ್ಜಿಯ ಕೈಚಳಕವೇ ಸರಿ. ನಾನು ಬೆರಗಾಗಿ, "ಎಷ್ಟು ಚೆನ್ನಾಗಿ ಕಲಿತಿದ್ದೀಯೇ!" ಎಂದು ಬೆನ್ನು ತಟ್ಟಿ ಬಂದೆ.

ತಿಂಗಳ ಮೇಲೆ ರಜೆಗೆ ಬಂದ ಹುಡುಗಿ ಮಂಕಾಗಿದ್ದಳು. ಕೇಳಿದ ಮೇಲೆ ಹೇಳಿದಳು. ಆ ವಾರ್ತೆ ಮೊಬೈಲಿನಿಂದ ಮೊಬೈಲಿಗೆ ಹೋಗಿ ವಾರ್ಡನ್ ಅವರನ್ನೂ ತಲುಪಿತ್ತು. ಅಡುಗೆಯಾಕೆ ಅಂದದ್ದು ಹೀಗೆ: ನೀರು ವಾರಕ್ಕೆ ಮೂರು ದಿನ ಬರುತ್ತದೆ, ಹಿಡಿದಿಡಲು ತೊಟ್ಟಿ ಸಾಲದು, ವಾರ್ಡನಮ್ಮ ಎರಡು ಸಲ ಅರ್ಜಿ ಬರೆದಿದ್ದಾರೆ, ಮೇಲಿನವರು ಕಿವಿಗೆ ಹಾಕಿಕೊಂಡಿಲ್ಲ, ಒಂದೊಂದು ದಿನ ಪಾತ್ರೆ ತೊಳೆಯೋಕೂ ನೀರಿಲ್ಲ, ನಮ್ಮ ಗೋಳು ಯಾರಿಗೆ ಹೇಳೋಣ. ವಾರ್ತೆಯಲ್ಲಿ ಉಳಿದದ್ದು ಕೊನೆಯ ಮಾತು ಮಾತ್ರ, ಅದರಲ್ಲೂ "ಒಂದೊಂದು ದಿನ" ಎಂಬುದು ಹಾರಿಹೋಗಿತ್ತು. ವಾರ್ಡನ್ ಬಹಳ ನೊಂದುಕೊಂಡರಂತೆ. "ನಾನು ಅರ್ಜಿ ಬರೆದದ್ದು ನಿನಗೆ ಗೊತ್ತಿರಲಿಲ್ಲವೇ?" ಎಂದರಂತೆ. ಅಡುಗೆಯಾಕೆ ಹುಡುಗಿಯ ಕೋಣೆಗೆ ಬಂದು ಬಾಗಿಲಲ್ಲೇ ನಿಂತು, "ನಾನು ಅಂದದ್ದೆಲ್ಲ ಎಲ್ಲಿ ಹೋಯ್ತವ್ವ?" ಎಂದು ಕೇಳಿದಳಂತೆ.

"ದೊಡ್ಡಮ್ಮ, ನಾನು ಒಂದು ಪದವನ್ನೂ ಸೇರಿಸಿಲ್ಲ. ಎಲ್ಲ ಅವಳ ಬಾಯಿಂದಲೇ ಬಂದದ್ದು" ಎಂದಳು ಹುಡುಗಿ. ಸಮರ್ಥನೆಗಿಂತ ಅದರಲ್ಲಿ ಪ್ರಶ್ನೆಯೇ ಹೆಚ್ಚಾಗಿತ್ತು.

ತರಗತಿಯಲ್ಲಿ ಕಲಿತ ಒಂದು ಪ್ರಸಂಗವನ್ನೂ ಹೇಳಿದಳು. ಅಮೆರಿಕದ ಸಿ.ಬಿ.ಎಸ್. ಸಂಸ್ಥೆ 1971ರ ಫೆಬ್ರವರಿಯಲ್ಲಿ 'ದಿ ಸೆಲ್ಲಿಂಗ್ ಆಫ್ ದಿ ಪೆಂಟಗನ್' ಎಂಬ ಸಾಕ್ಷ್ಯಚಿತ್ರ ತೋರಿಸಿತು. ಅಲ್ಲಿಯ ರಕ್ಷಣಾ ಇಲಾಖೆ ಜನರ ಹಣದಲ್ಲಿ ತನ್ನ ಪ್ರಚಾರ ಮಾಡಿಕೊಳ್ಳುತ್ತಿದೆ ಎಂಬುದು ಅದರ ತಿರುಳು. ಆದರೆ ಒಬ್ಬ ಸೇನಾಧಿಕಾರಿಯ ಭಾಷಣದ ಬೇರೆ ಬೇರೆ ಕಡೆಯ ವಾಕ್ಯಗಳನ್ನು ಒಂದೇ ಉಸಿರಿನ ಮಾತಿನಂತೆ ಜೋಡಿಸಿದ್ದರು. ಇಲಾಖೆಯ ಇನ್ನೊಬ್ಬ ಅಧಿಕಾರಿಯ ಉತ್ತರಗಳನ್ನೂ ಹಿಂದುಮುಂದು ಮಾಡಿದ್ದರು. ಗದ್ದಲವಾಯಿತು. ತೋರಿಸದೆ ಉಳಿಸಿಕೊಂಡ ಫಿಲ್ಮನ್ನು ತಂದೊಪ್ಪಿಸಿ ಎಂದು ಸಂಸತ್ತಿನ ಸಮಿತಿ ಆಜ್ಞೆ ಮಾಡಿತು. ಸಂಸ್ಥೆಯ ಅಧ್ಯಕ್ಷ ಫ್ರ್ಯಾಂಕ್ ಸ್ಟಾಂಟನ್ ಕೊಡುವುದಿಲ್ಲವೆಂದರು. ಅವರ ಮೇಲೆ ನಿಂದನೆಯ ಕ್ರಮ ಕೈಗೊಳ್ಳುವ ಪ್ರಸ್ತಾಪವನ್ನು ಆ ವರ್ಷದ ಜುಲೈ 13ರಂದು ಪ್ರತಿನಿಧಿ ಸಭೆ 226ಕ್ಕೆ 181 ಮತಗಳಿಂದ ಸಮಿತಿಗೇ ಹಿಂದಿರುಗಿಸಿತು. ಪತ್ರಿಕಾ ಸ್ವಾತಂತ್ರ್ಯ ಉಳಿಯಿತು.

ಉಳಿದದ್ದು ಒಳ್ಳೆಯದೇ. ಕತ್ತರಿ ಸರ್ಕಾರದ ಕೈಗೆ ಹೋಗಬಾರದು, ಒಪ್ಪೋಣ. ಹಾಗಾದರೆ ಕತ್ತರಿ ಹಿಡಿದವರು ಯಾರಿಗೆ ಉತ್ತರ ಹೇಳಬೇಕು?

ನನಗೆ ನೆನಪಾದದ್ದು ಧರ್ಮರಾಯ. ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಆನೆ ಎಂಬುದನ್ನು ಮೆಲ್ಲಗೆ ಹೇಳಿದ. ಆ ಮಾತು ಶಂಖದ ಸದ್ದಿನಲ್ಲಿ ಮುಳುಗಿಹೋಯಿತೆಂದು ನಮ್ಮ ಅಜ್ಜಿ ಕಥೆ ಹೇಳುತ್ತಿದ್ದರು. ಅವನು ಆಡಿದ ಒಂದೊಂದು ಪದವೂ ನಿಜವೇ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಕೆಳಗಿಳಿಯಿತು. ಒಣಗಿದ ನಲ್ಲಿಯ ಚಿತ್ರ ಮಾಡಿದ್ದೂ ಆ ಶಂಖದ ಕೆಲಸವನ್ನೇ ಅಲ್ಲವೇ?

ಇದನ್ನು ಹುಡುಗಿಗೆ ಉಪದೇಶವಾಗಿ ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಬಹಳ ವರ್ಷಗಳ ಹಿಂದೆ ಎಂಟನೆಯ ತರಗತಿಯ ಒಬ್ಬ ಹುಡುಗಿಯ ಅಂಕಪಟ್ಟಿಯ ಷರಾ ಕಾಲಮ್ಮಿನಲ್ಲಿ ನಾನು ಬರೆದಿದ್ದೆ: "ಗಣಿತದಲ್ಲಿ ಅನುತ್ತೀರ್ಣ. ಹಾಜರಾತಿ ಕಡಿಮೆ." ಎರಡೂ ನಿಜ. ತಾಯಿಯ ಬಾಣಂತನಕ್ಕೆಂದು ಅವಳು ಒಂದು ತಿಂಗಳು ಮನೆಯಲ್ಲಿ ಉಳಿದಿದ್ದು, ಕನ್ನಡದಲ್ಲಿ ತರಗತಿಗೇ ಮೊದಲಿಗಳಾಗಿದ್ದು, ಅವೂ ನಿಜವೇ. ಆದರೆ ಷರಾ ಬರೆಯುವ ಜಾಗ ಎರಡು ಬೆರಳಿನಷ್ಟು, ನನ್ನ ಮುಂದಿದ್ದ ಕಾರ್ಡುಗಳು ಐವತ್ತೆರಡು. ಹುಡುಗಿಗೆ ಓದು ತಲೆಗೆ ಹತ್ತುವುದಿಲ್ಲವೆಂದು ಟೀಚರೇ ಬರೆದಿದ್ದಾರೆ ಎಂದು ಅವಳ ತಂದೆ ಶಾಲೆ ಬಿಡಿಸಿದರು. ಹಾಗೆಂದು ನಾನು ಬರೆದಿರಲಿಲ್ಲ. ನಾನೂ ಒಂದು ಪದವನ್ನೂ ಸೇರಿಸಿರಲಿಲ್ಲ.

ಇದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಅಂದು ಹುಡುಗಿಗೆ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕತ್ತರಿಸದೆ ಯಾರೂ ಹೇಳಲಾರರು. ಆರು ನಿಮಿಷವನ್ನೂ ತೋರಿಸಿದ್ದರೆ ಯಾರೂ ನೋಡುತ್ತಿರಲಿಲ್ಲ, ತೊಟ್ಟಿಯ ತೊಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಅತ್ತೆಯ ಮಾತನ್ನು ಗಂಡನಿಗೆ ಒಪ್ಪಿಸುವಾಗ ನಾವೂ ಕತ್ತರಿ ಆಡಿಸುತ್ತೇವೆ, ನೀವೇ ಹೇಳಿ. ಆದ್ದರಿಂದ ಸೇರಿಸಿದೆವೋ ಬಿಟ್ಟೆವೋ ಎಂದಷ್ಟೇ ಕೇಳಿಕೊಂಡರೆ ಸಾಲದು. ಯಾರ ಮಾತನ್ನು ಕತ್ತರಿಸಿದೆವೋ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡರೆ "ಹೌದು, ನಾನು ಹೇಳಿದ್ದು ಇದನ್ನೇ" ಎನ್ನುತ್ತಾರೆಯೇ? ಉತ್ತರ ಹೇಳಬೇಕಾದದ್ದು ಅವರಿಗೆ ಎಂದು ನನಗೆ ತೋರುತ್ತದೆ.

ರಜೆ ಮುಗಿಸಿ ಹೋದ ಹುಡುಗಿ ಮುಂದಿನ ವಾರ್ತೆಯಲ್ಲಿ ಇಪ್ಪತ್ತು ಸೆಕೆಂಡು ಕೇಳಿ ಪಡೆದು, ಬಿಟ್ಟುಹೋದ ಅರ್ಜಿಯ ಮಾತನ್ನು ಅಡುಗೆಯಾಕೆಯ ದನಿಯಲ್ಲೇ ಹಾಕಿದಳು. ವಾರ್ಡನ್ ನೋಡಿದರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಮೊದಲಿನದು ಹರಡಿದಷ್ಟು ಇದು ಹರಡಲಿಲ್ಲ.

ನಾನು ಈಗ ಷರಾವನ್ನು ಕಾಲಮ್ಮಿನ ಗೆರೆ ದಾಟಿಸಿ ಬರೆಯುತ್ತೇನೆ. ಅಂಕಪಟ್ಟಿ ಗಲೀಜಾಗುತ್ತದೆ ಎಂದು ಮುಖ್ಯೋಪಾಧ್ಯಾಯರು ಒಂದೆರಡು ಸಲ ಆಕ್ಷೇಪಿಸಿದ್ದಾರೆ. ಆ ಎಂಟನೆಯ ತರಗತಿಯ ಹುಡುಗಿ ಎಲ್ಲಿದ್ದಾಳೋ ನನಗೆ ತಿಳಿಯದು.