ಕಾಯಕಕ್ಕೆ ಸ್ತ್ರೀಪುರುಷ ಭೇದವುಂಟೇ?



ರಣಾಗ್ರದಲ್ಲಿ ವೈರಿಗೆ ಎದುರಾಗಿ ನಿಲ್ಲುವ ಪದಾತಿದಳದಲ್ಲಿ ಹೆಣ್ಣುಮಕ್ಕಳಿಗೆ ಸ್ಥಾನವಿರಬೇಕೇ ಎಂಬ ಪ್ರಶ್ನೆಯು ಈಗ ನಮ್ಮ ಮನೆಗಳ ಪಡಸಾಲೆಗೂ ಬಂದಿದೆ. 2021ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 83 ಮಂದಿ ತರುಣಿಯರು ಸೈನಿಕ ಪೋಲೀಸ್ ದಳದ ಶಿಕ್ಷಣ ಮುಗಿಸಿ ಯೋಧರಾದರು. 2023ರಲ್ಲಿ ಫಿರಂಗಿದಳವು ಸ್ತ್ರೀ ಅಧಿಕಾರಿಗಳನ್ನು ಸೇರಿಸಿಕೊಂಡಿತು. ಪದಾತಿದಳದ ಬಾಗಿಲು ಮಾತ್ರ ಆಗಲೂ ತೆರೆಯಲಿಲ್ಲ. ಮಗನು ಸೈನ್ಯಕ್ಕೆ ಹೊರಟರೆ ವಿಭೂತಿಯಿಟ್ಟು ಹರಸುವ ತಂದೆಯು, ಮಗಳು ಅದೇ ಅಪ್ಪಣೆಯನ್ನು ಬೇಡಿದಾಗ ಮೌನ ತಾಳುವುದೇಕೆ?

ಶಿಶುವು ಹೆಣ್ಣಾಗಲಿ ಗಂಡಾಗಲಿ, ನಾವು ಕಟ್ಟುವ ಲಿಂಗವೊಂದೇ. ಮಾರಯ್ಯನು ಅವಶ್ಯಕತೆಗಿಂತ ಅಧಿಕವಾಗಿ ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಹಿಂದಿರುಗಿಸಿ ಬರುವಂತೆ ತಿದ್ದಿದವಳು ಅವನ ಸತಿ ಲಕ್ಕಮ್ಮ. ಕಾಯಕವನ್ನು ಅಳೆಯುವುದು ಮಾಡುವವರ ನಿಷ್ಠೆಯಿಂದ, ದೇಹದ ರೂಪದಿಂದಲ್ಲ.

ಹೆಣ್ಣಿನ ಮೈಯಲ್ಲಿ ಅಷ್ಟು ಬಲವಿಲ್ಲವೆನ್ನುವರು. ಹಾಗಿದ್ದಲ್ಲಿ ಭಾರ ಹೊತ್ತು ನಡೆಯುವ ಪರೀಕ್ಷೆಯು ಎಲ್ಲರಿಗೂ ಒಂದೇ ಇರಲಿ. ಹೆಣ್ಣೆಂದು ಅದನ್ನು ಸಡಿಲಿಸುವುದೂ ಬೇಡ, ಬಿಗಿಗೊಳಿಸುವುದೂ ಬೇಡ. ಗೆದ್ದವರು ನಿಲ್ಲಲಿ, ಸೋತವರು ಗಂಡಾದರೂ ಹಿಂದಿರುಗಲಿ. ಗ್ರಾಮಗಳಿಂದ ಬಂದ ಯೋಧರು ಸ್ತ್ರೀಯ ಆಜ್ಞೆಯನ್ನು ಒಪ್ಪಲಾರರೆಂಬ ವಾದವೂ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. 2020ರ ಫೆಬ್ರವರಿಯಲ್ಲಿ ನ್ಯಾಯಾಲಯವು ಅದನ್ನು ಮನ್ನಿಸಲಿಲ್ಲ. ಆ ಗ್ರಾಮಗಳು ನಮ್ಮವೇ ಅಲ್ಲವೇ? ಆ ವಾದದ ಲಜ್ಜೆಯಲ್ಲಿ ನಮ್ಮ ಪಾಲೂ ಉಂಟು.

ವೈರಿಗೆ ಸೆರೆಸಿಕ್ಕರೆ ಮಾನದ ಗತಿಯೇನೆಂದು ತಾಯಂದಿರು ಅಂಜುವರು. ಆ ಅಂಜಿಕೆ ಹುಸಿಯಲ್ಲ. ಆದರೆ ದುಷ್ಕೃತ್ಯದ ಕಳಂಕವು ಎಸಗಿದವನದು, ಸಹಿಸಿದವಳದಲ್ಲ. ಕಿತ್ತೂರಿನ ಚೆನ್ನಮ್ಮನು 1824ರಲ್ಲಿ ಆಂಗ್ಲರೊಡನೆ ಕಾದಿ, ಬಳಿಕ ಸೆರೆಯಾಗಿ, 1829ರಲ್ಲಿ ಬೈಲಹೊಂಗಲದ ಬಂಧನದಲ್ಲಿಯೇ ಲಿಂಗೈಕ್ಯಳಾದಳು. ಸೆರೆಯಿಂದ ಅವಳ ಮಾನ ಕುಂದಿತೆಂದು ಯಾರಾದರೂ ನುಡಿದರೇ?

ರಾಣಿಯರ ಮಾತು ಬೇರೆ, ಸಾಮಾನ್ಯಳ ಮಾತು ಬೇರೆ ಎನ್ನುವಿರಾ? ಅರಸಿಗೂ ಅಕ್ಕಿಯನ್ನು ಆಯುವವಳಿಗೂ ಭೇದವೆಣಿಸದ ಧರ್ಮ ನಮ್ಮದು.

ಉಳಿದುದು ದಯೆಯ ಪ್ರಶ್ನೆ. ಜೀವ ಕೊಡುವವಳು ಜೀವ ತೆಗೆಯಬಹುದೇ ಎಂದು ಕೇಳುವರು. ಕೊಲೆಯು ಪಾಪವಾದರೆ ಅದು ಗಂಡಿಗೂ ಪಾಪವೇ. ಮಗನ ಕೈಗೆ ಶಸ್ತ್ರವಿತ್ತು ಮಗಳ ಕೈಯನ್ನು ಮಾತ್ರ ತಡೆದರೆ, ಅದು ದಯೆಯಲ್ಲ, ಪಕ್ಷಪಾತ. ಕೆಳದಿಯ ಚೆನ್ನಮ್ಮನು ಶರಣು ಬಂದ ರಾಜಾರಾಮನನ್ನು ಬಿಟ್ಟುಕೊಡದೆ ಔರಂಗಜೇಬನ ಸೇನೆಯನ್ನು ಎದುರಿಸಿದಳು. ನೆಲ ಗೆಲ್ಲುವ ಆಸೆಯಿಂದ ಹಿಡಿದ ಶಸ್ತ್ರ ಯಾರ ಕೈಯಲ್ಲಿದ್ದರೂ ಹೇಯ. ನಂಬಿದವರನ್ನು ಕಾಯಲು ಹಿಡಿದ ಶಸ್ತ್ರ ಯಾರ ಕೈಯಲ್ಲಿದ್ದರೂ ಕಾಯಕ.

ಎಲ್ಲ ಹೆಣ್ಣುಮಕ್ಕಳೂ ರಣಕ್ಕೆ ಹೋಗಬೇಕೆಂದು ನಾವು ಹೇಳುವುದಿಲ್ಲ. ಯುದ್ಧವೇ ಇಲ್ಲದಿರಲೆಂಬುದು ನಮ್ಮ ನಿತ್ಯಪ್ರಾರ್ಥನೆ. ಆದರೆ ನಿಮ್ಮ ಮಗಳು ಆ ಅಪ್ಪಣೆಯನ್ನು ಬೇಡಿ ನಿಂತ ದಿನ ಅವಳ ಬಲವನ್ನು ವಿಚಾರಿಸಿರಿ, ಉದ್ದೇಶವನ್ನು ವಿಚಾರಿಸಿರಿ. ಹೆಣ್ಣೆಂಬ ಕಾರಣವೊಂದನ್ನೇ ಮುಂದಿಟ್ಟು ಬಾಗಿಲು ಹಾಕದಿರಿ. ಹರಸುವ ವಿಭೂತಿಯೂ ಇಬ್ಬರಿಗೂ ಒಂದೇ ಆಗಲಿ.

ಸಕಲರಿಗೂ ಸನ್ಮಂಗಳವಾಗಲಿ.