ಒಡೆಯನ ವಿದ್ಯಾಮದ

ಅಷ್ಟಮದಗಳಲ್ಲಿ ಧನಮದ, ರೂಪಮದ, ಯೌವನಮದಗಳು ಹೊರಗೆ ಕಾಣುವಂಥವು. ಕಾಲವೇ ಅವನ್ನು ಇಳಿಸುತ್ತದೆ. ವಿದ್ಯಾಮದವು ಹಾಗಲ್ಲ. ಅದು ಗುಣದ ವೇಷದಲ್ಲಿಯೇ ಬಂದು ನೆಲೆಸುವುದರಿಂದ ಹೊತ್ತವನಿಗೆ ಅದರ ಅರಿವಾಗುವುದು ವಿರಳ. ಹಲವರ ಕಾಯಕಕ್ಕೆ ಒಡೆಯನಾದವನಲ್ಲಿ ಅದು ಸೇರಿದರೆ ಏನಾಗುವುದೆಂಬುದಕ್ಕೆ ಅಮೆರಿಕಾ ದೇಶದ ಒಂದು ವೃತ್ತಾಂತವನ್ನು ಸದ್ಭಕ್ತರು ಪರಿಭಾವಿಸಬಹುದು.

ವಿಲಿಯಂ ಶಾಕ್ಲಿ ಎಂಬ ಭೌತವಿಜ್ಞಾನಿಯು ಬೆಲ್ ಪ್ರಯೋಗಾಲಯದ ಒಂದು ತಂಡಕ್ಕೆ ಮುಖ್ಯಸ್ಥನಾಗಿದ್ದನು. 1947ರ ಡಿಸೆಂಬರಿನಲ್ಲಿ ಆ ತಂಡದ ಬಾರ್ಡೀನ್, ಬ್ರಾಟೈನ್ ಎಂಬಿಬ್ಬರು ಟ್ರಾನ್ಸಿಸ್ಟರನ್ನು ಸಾಧಿಸಿದರು. ಇಂದಿನ ಗಣಕಯಂತ್ರಕ್ಕೂ ಕೈಯ ಫೋನಿಗೂ ಅದೇ ಮೂಲ. ತನ್ನವರ ಗೆಲುವಿಗೆ ಹಿಗ್ಗಬೇಕಾಗಿದ್ದ ಮುಖ್ಯಸ್ಥನು ಕೀರ್ತಿಯಲ್ಲಿ ತನ್ನ ಪಾಲು ಕಡಿಮೆಯಾಯಿತೆಂದು ಕುದಿದನು. ಕೆಲವೇ ವಾರಗಳಲ್ಲಿ, ತಾನೊಬ್ಬನೇ ಕುಳಿತು, ಅದಕ್ಕಿಂತ ಮೇಲಾದ ಇನ್ನೊಂದು ಬಗೆಯನ್ನು ರೂಪಿಸಿದನು. ಪ್ರತಿಭೆಯೇನೋ ಅಂಥದೇ. ಆದರೆ ಬ್ರಾಟೈನನು ಬೇರೆ ತಂಡಕ್ಕೆ ಸರಿದನು. ಬಾರ್ಡೀನನು 1951ರಲ್ಲಿ ಪ್ರಯೋಗಾಲಯವನ್ನೇ ತೊರೆದನು. 1956ರಲ್ಲಿ ಮೂವರಿಗೂ ಒಟ್ಟಿಗೆ ನೊಬೆಲ್ ಪಾರಿತೋಷಕ ಬಂದಿತು.

ಆ ವೇಳೆಗೆ ಶಾಕ್ಲಿಯು ಬೆಕ್‌ಮನ್ ಎಂಬ ಉದ್ಯಮಿಯ ಧನಸಹಾಯದಿಂದ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿನಲ್ಲಿ ಸ್ವಂತ ಪ್ರಯೋಗಾಲಯವನ್ನು ತೆರೆದಿದ್ದನು. ಹಳೆಯ ಸಂಗಡಿಗರು ಬರಲೊಪ್ಪಲಿಲ್ಲ. ಆಗ ನಾಯ್ಸ್, ಮೂರ್ ಮೊದಲಾದ ತರುಣ ವಿದ್ವಾಂಸರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕರೆತಂದನು. ಆರಿಸುವ ಕಣ್ಣಿತ್ತು, ಆದರಿಸುವ ಮನಸ್ಸಿರಲಿಲ್ಲ. ಎಲ್ಲರ ಸಂಬಳಗಳನ್ನೂ ಬರೆದು ಗೋಡೆಗೆ ಹಚ್ಚಿಸಿದನು. ಅವರು ತಂದ ಫಲಿತಾಂಶವನ್ನು ನಂಬದೆ ಬೆಲ್ ಪ್ರಯೋಗಾಲಯದವರನ್ನು ಕೇಳಿ ತಾಳೆ ನೋಡುತ್ತಿದ್ದನು. ಒಮ್ಮೆ ಕಚೇರಿಯ ಹೆಣ್ಣುಮಗಳೊಬ್ಬಳ ಕೈಗೆ ಬಾಗಿಲಲ್ಲಿದ್ದ ಮೊನೆಯೊಂದು ಚುಚ್ಚಿತು. ಇದು ಯಾರದೋ ಕುತಂತ್ರವೆಂದು ಶಂಕಿಸಿ, ಸುಳ್ಳುಪತ್ತೆ ಯಂತ್ರದಿಂದ ನೌಕರರನ್ನು ಪರೀಕ್ಷಿಸಬೇಕೆಂದು ಹಟ ಹಿಡಿದನು. ಕಡೆಗೆ ನೋಡಿದರೆ ಅದು ಕಾಗದ ಸಿಕ್ಕಿಸಿದ್ದ, ತಲೆ ಮುರಿದುಹೋದ ಒಂದು ಮೊಳೆ!

ಇಲ್ಲೊಂದು ವಿವೇಚನೆ ಅವಶ್ಯ. ಬಿಗಿ ಬೇರೆ, ಶಂಕೆ ಬೇರೆ. ಮಗ್ಗದ ಮನೆಯ ಒಡೆಯನು ‘ಈ ಎಳೆ ತಪ್ಪಿದೆ, ಬಿಚ್ಚಿ ನೇಯಿ’ ಎಂದರೆ ನೇಕಾರನು ಬೇಸರಪಟ್ಟರೂ ತಿದ್ದಿಕೊಳ್ಳುತ್ತಾನೆ. ಏಕೆಂದರೆ ಅಲ್ಲಿ ತೂಗಿದ್ದು ಕೆಲಸವನ್ನು. ‘ನೂಲನ್ನು ಯಾರಿಗೆ ಮಾರಿದೆ?’ ಎಂದರೆ ತೂಗಿದ್ದು ಆತನನ್ನೇ. ಶರಣರು ಕಾಯಕವನ್ನು ಪೂಜೆಯ ಸ್ಥಾನದಲ್ಲಿಟ್ಟರು. ಪೂಜೆಗೆ ಕುಳಿತವನ ಕೈಯನ್ನು ಕಳ್ಳನ ಕೈಯೆಂದು ಹಿಡಿದೆಳೆದರೆ, ಕೂಲಿಯನ್ನು ಎಷ್ಟು ಹೆಚ್ಚಿಸಿದರೂ ಆತನು ಆ ಪೀಠದಲ್ಲಿ ಮತ್ತೆ ಮನಸ್ಸಿಟ್ಟು ಕೂಡಲಾರನು. ಬಲ್ಲವನಾದರಂತೂ ಮೊದಲು ಏಳುವವನು ಅವನೇ. ಅವನಿಗೆ ಬೇರೆ ಮನೆಯ ಬಾಗಿಲು ತೆರೆದಿರುತ್ತದೆ.

ತರುಣರು ಒಡನೆಯೇ ಹೊರಡಲಿಲ್ಲವೆಂಬುದು ಗಮನಾರ್ಹ. ಅವರು ಬೆಕ್‌ಮನ್ನನಲ್ಲಿಗೆ ಹೋಗಿ, ತಮ್ಮ ಮೇಲೆ ಬೇರೊಬ್ಬ ಮೇಲ್ವಿಚಾರಕನನ್ನು ನೇಮಿಸಬೇಕೆಂದು ಬೇಡಿದರು. ಆತನು ಮೊದಲು ಕಿವಿಗೊಟ್ಟು, ಆಮೇಲೆ ಶಾಕ್ಲಿಯ ಪಕ್ಷದಲ್ಲಿಯೇ ನಿಂತನು. ಹಣ ಹಾಕಿದವನ ಪಾಲಿನ ತಪ್ಪೂ ಸಣ್ಣದಲ್ಲ. 1957ರ ಸೆಪ್ಟೆಂಬರಿನಲ್ಲಿ ಎಂಟು ಮಂದಿ ಒಟ್ಟಿಗೆ ಹೊರಬಿದ್ದು, ಸಮೀಪದಲ್ಲಿಯೇ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಸಂಸ್ಥೆಯನ್ನು ಕಟ್ಟಿದರು. ‘ದ್ರೋಹಿಗಳಾದ ಎಂಟು ಮಂದಿ’ ಎಂಬ ಹೆಸರು ಅವರಿಗೆ ಅಂಟಿತು. 1959ರಲ್ಲಿ ನಾಯ್ಸನು ಒಂದೇ ಸಿಲಿಕಾನ್ ತುಣುಕಿನಲ್ಲಿ ಇಡೀ ಮಂಡಲವನ್ನು ಅಡಗಿಸುವ ವಿಧಾನವನ್ನು ರೂಪಿಸಿದನು; 1968ರಲ್ಲಿ ಆತನೂ ಮೂರನೂ ಸೇರಿ ಇಂಟೆಲ್ ಸಂಸ್ಥೆಯನ್ನು ಸ್ಥಾಪಿಸಿದರು. ಶಾಕ್ಲಿಯ ಪ್ರಯೋಗಾಲಯವು ಲಾಭದ ಮುಖವನ್ನೇ ಕಾಣದೆ 1960ರಲ್ಲಿ ಪರರ ಪಾಲಾಯಿತು.